ಮೂವರು ನರಸಿಂಹಾಚಾರರು, ಒಂದೇ ಕಪಾಟು

ಮೈಸೂರು, ಮಂಡ್ಯ ಕಡೆ ಮನೆ ಖಾಲಿ ಮಾಡುವವರು ಬಡಾವಣೆಯ ವಾಚನಾಲಯಕ್ಕೆ ಕೊಟ್ಟುಹೋಗುವ ಪುಸ್ತಕದ ಪೆಟ್ಟಿಗೆಯಲ್ಲಿ ಮೂರ್ತಿ, ರಾವ್, ಗೌಡ, ಅಯ್ಯಂಗಾರ್, ಆಚಾರ್, ಭಟ್ಟ ಎಂದು ಹೆಸರು ಮುಗಿಯುವ ಲೇಖಕರು ಇದ್ದೇ ಇರುತ್ತಾರೆ. ‘ಮನೆತನದ ಹೆಸರು ಮೊದಲು’ ಎಂಬ ಗ್ರಂಥಾಲಯದ ನಿಯಮ ಕಾರಂತ, ಬೇಂದ್ರೆ ಅಂಥ ಹೆಸರುಗಳಿಗೆ ಸರಾಗವಾಗಿ ಒಗ್ಗುತ್ತದೆ. ಶಿವರಾಮ ಕಾರಂತರೂ ಬಿ. ವಿ. ಕಾರಂತರೂ ‘ಕಾರಂತ’ದ ಕೆಳಗೆ ಕೂತರೆ ಯಾರ ತಕರಾರೂ ಇಲ್ಲ. ಹಳೇ ಮೈಸೂರಿನ ಹೆಸರುಗಳಿಗೆ ಅದನ್ನೇ ಹಚ್ಚಿದರೆ ಅರ್ಧ ಕಪಾಟು ‘ರಾವ್’ ಆಗುತ್ತದೆ, ಕೇಳಿದವರಿಗೆ ಪುಸ್ತಕ ಸಿಗುವುದಿಲ್ಲ. ಆದ್ದರಿಂದ ಲೇಖಕರ ಪಟ್ಟಿ ಮಾಡುವಾಗ ನಾನು ಹೆಸರಿನ ಬಾಲ ಕತ್ತರಿಸುವುದಿಲ್ಲ. ವ್ಯಕ್ತಿಯ ಹೆಸರು ಇಡಿಯಾಗಿ ಮೊದಲು, ಅಲ್ಪವಿರಾಮ, ಆಮೇಲೆ ಇನಿಷಿಯಲ್: ಚಿದಾನಂದಮೂರ್ತಿ, ಎಂ.; ಅನಂತಮೂರ್ತಿ, ಯು. ಆರ್. ಹೀಗೆ.

ಗೌಡರ ವಿಷಯದಲ್ಲಂತೂ ಬೇರೆ ದಾರಿಯೇ ಇಲ್ಲ. ನಾಗೇಗೌಡ, ಜವರೇಗೌಡ, ರಾಮೇಗೌಡ ಎಂಬಲ್ಲಿ ‘ಗೌಡ’ ಹೆಸರಿನೊಳಗೇ ಬೆಸೆದುಕೊಂಡಿದೆ. ಮಂಡ್ಯ ಜಿಲ್ಲೆಯ ಎಚ್. ಎಲ್. ನಾಗೇಗೌಡರ ‘ದೊಡ್ಡಮನೆ’ ಕಾದಂಬರಿ, ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳು, ಜನಪದ ಸಂಗ್ರಹಗಳು ಪಟ್ಟಿಯಲ್ಲಿ ಎಲ್ಲವೂ ‘ನಾ’ದಲ್ಲಿ. ದೇ. ಜವರೇಗೌಡರ ಟಾಲ್‌ಸ್ಟಾಯ್ ಅನುವಾದಗಳು ಕಪಾಟಿನಲ್ಲಿ ಟಾಲ್‌ಸ್ಟಾಯ್ ಜೊತೆಗೇ ನಿಲ್ಲುತ್ತವೆ. ಜವರೇಗೌಡರ ಹೆಸರಿಗೆ ಇನ್ನೊಂದು ಕಾರ್ಡು ಬರೆಯುತ್ತೇನೆ. ಇಲ್ಲಿ ಓದುಗರು ಅನುವಾದಕರ ಹೆಸರು ಹಿಡಿದೇ ಕೇಳುವುದು ಹೆಚ್ಚು.

ನಿಜವಾದ ಕೆಲಸ ಹಿಡಿಯುವುದು ಹೆಸರು ಪೂರ್ತಿ ಒಂದೇ ಆದಾಗ. ನರಸಿಂಹಾಚಾರರನ್ನೇ ತೆಗೆದುಕೊಳ್ಳಿ. ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು 1907ರಿಂದ 1929ರವರೆಗೆ ಹೊರತಂದವರು ಆರ್. ನರಸಿಂಹಾಚಾರ್. ‘ಕನ್ನಡ ಗ್ರಂಥಸಂಪಾದನೆ’ ಬರೆದವರು ಡಿ. ಎಲ್. ನರಸಿಂಹಾಚಾರ್. ‘ಗೋಕುಲ ನಿರ್ಗಮನ’ದ ಕವಿ, ಮೇಲುಕೋಟೆಯ ಪು. ತಿ. ನರಸಿಂಹಾಚಾರ್. ಒಬ್ಬರದು ಸಾಹಿತ್ಯ ಚರಿತ್ರೆ, ಒಬ್ಬರದು ಪಾಠಶೋಧನೆ, ಒಬ್ಬರದು ಗೀತನಾಟಕ. ಪುಸ್ತಕದ ಬೆನ್ನಿನ ಮೇಲೆ ಬರೀ ‘ನರಸಿಂಹಾಚಾರ್’ ಎಂದಿದ್ದರೆ ಯಾರು ಯಾರೆಂದು ಗೊತ್ತಾಗದು. ಲೇಬಲ್ಲಿನ ಮೇಲೆ ಹೆಸರಿನ ಮೊದಲ ಮೂರಕ್ಷರ ಬರೆಯುವ ಲೇಖಕ ಸಂಕೇತವೂ ಇಲ್ಲಿ ಕೈಕೊಡುತ್ತದೆ: ‘ನರಸಿಂ’ ಎಂದು ಬರೆದರೆ ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರೂ ಅದರಲ್ಲೇ ಬಂದರು.

ಇಂಥ ಪ್ರತಿ ಹೆಸರಿಗೂ ಪುಸ್ತಕದ ಕಾರ್ಡಿಗಿಂತ ಮೊದಲು ಒಂದು ಹೆಸರಿನ ಕಾರ್ಡು ಮಾಡುತ್ತೇನೆ. ಅಳತೆ ಮಾಮೂಲಿ 12.5 × 7.5 ಸೆಂ.ಮೀ. ಮೊದಲ ಸಾಲಿನಲ್ಲಿ ‘ನರಸಿಂಹಾಚಾರ್, ಪು. ತಿ.’ ಎರಡನೆಯದರಲ್ಲಿ ಹುಟ್ಟಿದ ವರ್ಷ, ತೀರಿಕೊಂಡ ವರ್ಷ: 1905–1998. ಮೂರನೆಯದರಲ್ಲಿ ಜನ ಕರೆಯುವ ಹೆಸರು, ‘ಪುತಿನ’. ನಾಲ್ಕನೆಯದರಲ್ಲಿ ಮುದ್ರಣದಲ್ಲಿ ಕಂಡ ಬೇರೆ ರೂಪಗಳು: ನರಸಿಂಹಾಚಾರ್ಯ, ಪಿ. ಟಿ., ಇತ್ಯಾದಿ. ಡಿ. ಎಲ್. ಅವರಿಗೆ ‘ಲಕ್ಷ್ಮೀನರಸಿಂಹಾಚಾರ್’ ಎಂಬ ರೂಪವೂ ಸೇರಬೇಕು, ಇಲ್ಲದಿದ್ದರೆ ಅದು ‘ಲ’ದಲ್ಲಿ ಪ್ರತ್ಯೇಕ ಲೇಖಕರಾಗಿ ಹುಟ್ಟಿಕೊಳ್ಳುತ್ತದೆ. ಆ ಪ್ರತಿ ರೂಪಕ್ಕೂ ಮುಖ್ಯ ಹೆಸರಿನತ್ತ ಕಳಿಸುವ ಒಂದು ಸಣ್ಣ ‘ನೋಡಿ’ ಕಾರ್ಡು. ತೀನಂಶ್ರೀ, ಬಿಎಂಶ್ರೀ ಇಬ್ಬರೂ ಶ್ರೀಕಂಠಯ್ಯರೇ ಆದ್ದರಿಂದ ಅಲ್ಲಿಯೂ ಇದೇ ಉಪಚಾರ.

ಹೆಸರನ್ನು ರಕ್ಷಾಪುಟದಿಂದ ಎತ್ತಿಕೊಳ್ಳಬಾರದು. ಶೀರ್ಷಿಕೆ ಪುಟ, ಅದರ ಹಿಂಬದಿ, ಎರಡನ್ನೂ ನೋಡಬೇಕು. ಹಳೆಯ ಪುಸ್ತಕಗಳಲ್ಲಿ ಬಿರುದುಗಳು ಹೆಸರಿಗೆ ಅಂಟಿಕೊಂಡಿರುತ್ತವೆ. ಆರ್. ನರಸಿಂಹಾಚಾರರಿಗೆ ರಾವ್ ಬಹದ್ದೂರ್ ಬಿರುದಿತ್ತು. ಪಟ್ಟಿಯನ್ನು ಕಣ್ಣುಮುಚ್ಚಿ ಟೈಪು ಮಾಡುವ ಹುಡುಗರ ಕೈಯಲ್ಲಿ ಅವರು ‘ರಾವ್’ ಗುಂಪಿಗೆ ಸೇರಿಬಿಡುತ್ತಾರೆ. ಇನ್ನು ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು ಮೂರ್ತಿಯೂ ಹೌದು, ರಾವ್ ಕೂಡ ಹೌದು. ‘ಹಗಲುಗನಸುಗಳು’ ಪ್ರಬಂಧ, ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಪ್ರವಾಸ, ‘ದೇವರು’ ವಿಚಾರ ಸಾಹಿತ್ಯ. ಇವೆಲ್ಲ ‘ಮೂರ್ತಿರಾವ್, ಎ. ಎನ್.’ ಕೆಳಗೆ, ನಡುವೆ ಜಾಗ ಬಿಡದೆ. ಒಂದು ಕಡೆ ‘ಮೂರ್ತಿ ರಾವ್’, ಇನ್ನೊಂದು ಕಡೆ ‘ಮೂರ್ತಿರಾವ್’ ಎಂದಾದರೆ ಕಂಪ್ಯೂಟರು ಇಬ್ಬರು ಲೇಖಕರೆಂದೇ ಲೆಕ್ಕ ಹಾಕುತ್ತದೆ.

ಇನಿಷಿಯಲ್‌ನದು ಇದಕ್ಕಿಂತ ದೊಡ್ಡ ಕಿರಿಕಿರಿ. ‘ಎಚ್.’ ಎಂದರೆ ಸ್ವರಗಳ ನಡುವೆ, ‘ಹೆಚ್.’ ಎಂದರೆ ವರ್ಣಮಾಲೆಯ ಬಾಲದಲ್ಲಿ. ಎಂ–ಯಂ, ಎಸ್–ಯಸ್ ಕಥೆಯೂ ಇದೇ. ಪುಸ್ತಕದಲ್ಲಿ ಹೇಗೇ ಇರಲಿ, ಪಟ್ಟಿಯಲ್ಲಿ ಎಚ್, ಎಂ, ಎಸ್ ಎಂದೇ ಬರೆಯುತ್ತೇನೆ. ಚುಕ್ಕಿಯಾದ ಮೇಲೆ ಒಂದು ಜಾಗ, ತಪ್ಪದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಪಟ್ಟಿಯಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಹಾಗೇ ಅಕಾರಾದಿ ಮಾಡಿದರೆ ಚೆಲ್ಲಾಪಿಲ್ಲಿ. ಪರಿವರ್ತನೆಯಾದ ಮೇಲೂ ‘ರಾವ್’, ‘ಅಯ್ಯಂಗಾರ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಉಳಿದಿರುವುದುಂಟು. ಫಿಲ್ಟರ್ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ ಕಾರಣ ಅದು, ಅಥವಾ ಕೊನೆಯ ಖಾಲಿ ಜಾಗ. ಆ ಕೋಶವನ್ನು ಅಳಿಸಿ ಹೆಸರನ್ನು ಹೊಸದಾಗಿ ಟೈಪು ಮಾಡುವುದೇ ಸುಲಭ.

ಭಟ್ಟರ ಕಾಟ ಬೇರೆ ಥರದ್ದು. ಕಾಳಿದಾಸನನ್ನು ಕನ್ನಡಕ್ಕೆ ತಂದ ಎಸ್. ವಿ. ಪರಮೇಶ್ವರ ಭಟ್ಟ, ಭಾವಗೀತೆಯ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟ, ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್. ಶಂಕರ ಭಟ್ಟರ ಈಚಿನ ಪುಸ್ತಕಗಳಲ್ಲಿ ಮಹಾಪ್ರಾಣ ಬಿಟ್ಟು ‘ಶಂಕರ ಬಟ್’ ಎಂದೇ ಅಚ್ಚಾಗಿದೆ. ಮನೆತನದ ಹೆಸರಿನಿಂದ ಜೋಡಿಸಿದ್ದರೆ ಒಬ್ಬರೇ ಲೇಖಕರು ‘ಬ’ದಲ್ಲೊಮ್ಮೆ ‘ಭ’ದಲ್ಲೊಮ್ಮೆ ಒಡೆದುಹೋಗುತ್ತಿದ್ದರು, ‘ಶಂಕರ’ ಮೊದಲಿದ್ದರೆ ಎರಡೂ ಪಕ್ಕಪಕ್ಕ.

ತಿರುವುಮುರುವಾದ ಉದಾಹರಣೆಯೂ ಮೈಸೂರಿನದೇ. ಆರ್. ಕೆ. ನಾರಾಯಣ್, ಆರ್. ಕೆ. ಲಕ್ಷ್ಮಣ್ ಒಡಹುಟ್ಟಿದವರು, ಸಮಾನವಾಗಿರುವುದು ಇನಿಷಿಯಲ್ ಮಾತ್ರ. ಇಬ್ಬರನ್ನೂ ಜೊತೆಗಿಡಿ ಎನ್ನುವವರಿದ್ದಾರೆ. ನಾನು ಇಡುವುದಿಲ್ಲ. ಇಂಗ್ಲಿಷ್ ಕಾದಂಬರಿಗಳ ಸಾಲಿನಲ್ಲಿ ನಾರಾಯಣ್, ವ್ಯಂಗ್ಯಚಿತ್ರಗಳ ಸಾಲಿನಲ್ಲಿ ಲಕ್ಷ್ಮಣ್.

ಕಪಾಟಿನಲ್ಲಿ ವಿಷಯ ಮೊದಲು, ಹೆಸರು ಆಮೇಲೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಅದರ ಮುಂದೆ 1 ಸೇರಿಸಿದರೆ ಕಾವ್ಯ, 2 ನಾಟಕ, 3 ಕಾದಂಬರಿ–ಕಥೆ. ಇದರಿಂದಲೇ ಒಂದೇ ಹೆಸರಿನವರು ಬಹುಪಾಲು ಬೇರೆಯಾಗುತ್ತಾರೆ. ಲೇಬಲ್ಲಿನ ಎರಡನೆಯ ಸಾಲಿಗೆ ‘ನರ–ಪುತಿ’, ‘ನರ–ಡಿಎಲ್’ ಎಂದು ಇನಿಷಿಯಲ್ ಕೂಡ ಹಾಕುತ್ತೇನೆ. ಲೇಬಲ್ ಬೆನ್ನಿನ ತಳದಿಂದ ಒಂದಿಂಚು ಮೇಲೆ, ಮೈದಾ ಅಂಟು ಬೇಡ, ಜಿರಳೆ ತಿನ್ನುತ್ತದೆ. ಸೆಲೊಟೇಪಂತೂ ಬೇಡವೇ ಬೇಡ, ಕೆಲವೇ ವರ್ಷಗಳಲ್ಲಿ ಕಂದಾಗಿ ಅಂಟು ಹೊರಬರುತ್ತದೆ. ಬೆನ್ನೇ ಇಲ್ಲದ ತೆಳು ಕವನ ಸಂಕಲನಗಳಿಗೆ ರಕ್ಷಾಪುಟದ ಕೆಳಗಿನ ಎಡಮೂಲೆ. ಪ್ರತಿ ಸಾಲಿನಲ್ಲೂ ಕಾಲುಭಾಗ ಖಾಲಿ ಬಿಟ್ಟಿರಬೇಕು, ‘ನ’ದ ಸಾಲಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ.