ಸಲ್ಕಾಟಾ ಆಮೆ, ಕಾರವಾರದ ಮಳೆ: ಮೂರು ಮಳೆಗಾಲ ದಾಟಿಸಿದ ನನ್ನ ಅನುಭವ

ಮೊನ್ನೆ ಭಾನುವಾರ ನಮ್ಮ ಆಮೆ ಗುಂಡನ ತೂಕ 4 ಕೆಜಿ 600 ಗ್ರಾಂ ಚಿಲ್ಲರೆ. 2021ರ ಜನವರಿಯಲ್ಲಿ ಕೋಡಿಬಾಗದ ನಮ್ಮ ಮನೆಗೆ ಬಂದಾಗ 300 ಗ್ರಾಂ ಆಸುಪಾಸು, ಅಂಗೈ ಮೇಲೆ ಕೂರುತ್ತಿದ್ದ. ಸಹಾರಾ ಮರುಭೂಮಿಯ ಅಂಚಿನ ಪ್ರಾಣಿ ಕಾರವಾರದ ಮಳೆಯಲ್ಲಿ ಬದುಕಲ್ಲ ಎಂದವರೇ ಜಾಸ್ತಿ. ದಿನಾ ಮೀನು ತರುವ ಅಕ್ಕ ಕೂಡ "ತಮ್ಮಾ, ಇದು ಮಳೆಗಾಲ ದಾಟೂದಿಲ್ಲ" ಅಂದಿದ್ದರು. 2023, 24, 25 ಮೂರೂ ಮಳೆಗಾಲ ಮೂಗಿನಲ್ಲಿ ನೆಗಡಿಯ ಒಂದು ಗುಳ್ಳೆ ಕೂಡ ಇಲ್ಲದೆ ದಾಟಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ಅಪರಾಧ. ಗುಂಡ ಆಫ್ರಿಕಾದ ಸಲ್ಕಾಟಾ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ಕಾಗದ ಇಲ್ಲದ ಆಮೆ ತರಲೇಬೇಡಿ.

ಮೊದಲ ವರ್ಷ ಎಲ್ಲರೂ ಹೇಳಿದ್ದನ್ನೇ ಮಾಡಿದೆ. ಮರುಭೂಮಿ ಪ್ರಾಣಿ, ಒಣಗಿಸಿ ಇಡು. ಹಿತ್ತಲ ಕೋಣೆಯಲ್ಲಿ ಒಣಹುಲ್ಲು ಹಾಸಿ, ಮೇಲೊಂದು 40 ವ್ಯಾಟ್ ಬಲ್ಬು ಕಟ್ಟಿದೆ. ಏಪ್ರಿಲ್ ಹೊತ್ತಿಗೆ ಚಿಪ್ಪಿನ ಒಂದೊಂದು ತುಂಡೂ ಸಣ್ಣ ಗೋಪುರದ ಹಾಗೆ ಏಳತೊಡಗಿತು, ಒಣಗಿಸಿ ಇಟ್ಟಿದ್ದರ ಫಲ. ಜುಲೈಗೆ ಹುಲ್ಲಿಗೆ ಬೂಸ್ಟು, ಚಿರೆಕಲ್ಲಿನ ಗೋಡೆಯಿಂದ ಥಂಡಿ. ಮೂರು ವಾರದಲ್ಲಿ 30 ಗ್ರಾಂ ಇಳಿದ. ಒಂದು ಬೆಳಿಗ್ಗೆ ಬಾಯಿ ತೆರೆದು ಕತ್ತು ಚಾಚಿ ಉಸಿರೆಳೆಯುತ್ತಿದ್ದ. ಮೂಗಿನ ತುದಿಯಲ್ಲಿ ಗುಳ್ಳೆ ಬಂದು ಒಡೆಯುತ್ತಿತ್ತು. ಗೋವಾಕ್ಕೆ ಎರಡು ಸಲ ಓಡಿದೆ. ಎಕ್ಸ್-ರೇ, ಮೂರು ದಿನಕ್ಕೊಂದು ಇಂಜೆಕ್ಷನ್, ಕಾರಿನ ಖರ್ಚು ಸೇರಿ 14 ಸಾವಿರದ ಹತ್ತಿರ ಹೋಯಿತು. ದುಡ್ಡು ಹೋಗಲಿ, ಆ ಉಸಿರಿನ ಸದ್ದು ಕೇಳಿ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ.

ಅದೇ ಹೊತ್ತಿಗೆ ಪರಿಚಯದವರೊಬ್ಬರು ಜಂತಿಗೆಂದು ಐವರ್ಮೆಕ್ಟಿನ್ ತಂದುಕೊಟ್ಟಿದ್ದರು. ದನಕ್ಕೆ ಕೊಡುವ ಔಷಧ. ಆಮೆಗೆ ಅದು ವಿಷ, ಸತ್ತೇ ಹೋಗುತ್ತದೆ. ಪುಣ್ಯಕ್ಕೆ ಹಾಕುವ ಮೊದಲು ಡಾಕ್ಟರಿಗೆ ಫೋನ್ ಮಾಡಿದ್ದೆ.

ಆಮೇಲೆ ಯೋಚಿಸಿದೆ. ಈ ಆಮೆಗಳು ಆಫ್ರಿಕಾದಲ್ಲಿ ಬಿಸಿಲಲ್ಲೇ ಬಿದ್ದಿರುವುದಿಲ್ಲವಲ್ಲ, ಬಿಲ ತೋಡಿ ಒಳಗೆ ಇರುತ್ತವೆ. ಬಿಲದೊಳಗೆ ತೇವ ಇರುತ್ತದೆ, ಬೆಚ್ಚಗೂ ಇರುತ್ತದೆ. ತೇವದ ಜೊತೆ ಥಂಡಿ ಸೇರಿದರೆ ಎದೆಗೆ ಕುತ್ತು. ಬೆಚ್ಚಗಿನ ತೇವ ಮರಿಯ ಚಿಪ್ಪಿಗೆ ಒಳ್ಳೆಯದೇ. ಅಂದರೆ ನಮ್ಮೂರಿನ ಗಾಳಿ ಪುಕ್ಕಟೆ ಸಿಕ್ಕ ಅನುಕೂಲ, ಬಿಸಿ ಒಂದು ಸೇರಿಸಿದರೆ ಸಾಕು.

2022ರಲ್ಲಿ ಮೀನಿನ ಥರ್ಮೋಕೋಲ್ ಪೆಟ್ಟಿಗೆ ತೊಳೆದು ಒಳಗೆ ಹೀಟರ್ ಇಟ್ಟೆ. ನಾಲ್ಕನೇ ರಾತ್ರಿ ಪೆಟ್ಟಿಗೆಯ ಮೂಲೆ ಕರಗಿ ಹೊಗೆ ಎದ್ದಿತು. ನಾಯಿ ಬೊಗಳಿತೆಂದು ಎಚ್ಚರ ಆಯಿತು, ಇಲ್ಲದಿದ್ದರೆ ಗುಂಡ ಇರುತ್ತಿರಲಿಲ್ಲ. ಥರ್ಮೋಕೋಲ್ ಹೀಟರಿಗೆ ಕಾಣಲೇಬಾರದು.

ಈಗಿನದು 12 ಎಂಎಂ ಪ್ಲೈವುಡ್, ಎರಡು ಹಲಗೆಯ ನಡುವೆ ಥರ್ಮೋಕೋಲ್. ಮೇಲೆ 100 ವ್ಯಾಟಿನ ಸೆರಾಮಿಕ್ ಹೀಟರ್, ಸುತ್ತ ತಂತಿ ಬಲೆ. ಬಿಸಿಯನ್ನು ಹದದಲ್ಲಿ ಇಡುವ ಥರ್ಮೋಸ್ಟಾಟ್ 29 ಡಿಗ್ರಿಗೆ. ರಾತ್ರಿ 27ಕ್ಕಿಂತ ಇಳಿಯಲು ಬಿಡುವುದಿಲ್ಲ. ಕೆಳಗೆ ನಾಲ್ಕು ಇಂಚು ತೆಂಗಿನ ನಾರಿನ ಪುಡಿ. ಬಿಸಿನೀರು ಮೂಲೆಯಲ್ಲಿ ಮಾತ್ರ ಹೊಯ್ಯುತ್ತೇನೆ, ತಳ ಒದ್ದೆ, ಮೇಲ್ಪದರ ಒಣ. ಮೇಲೂ ಒದ್ದೆ ಆದರೆ ಹೊಟ್ಟೆಯ ಚಿಪ್ಪು ಕೊಳೆಯುತ್ತದೆ. ನಾರಿಗೆ ಬೂಸ್ಟು ಬಾರದ ಹಾಗೆ ಒಂದು ಸೊಪ್ಪು ಬೆರೆಸುತ್ತೇನೆ. ಯಾವುದು ಅಂತ ಈಗ ಹೇಳಲ್ಲ, ಇನ್ನೂ ಒಂದು ಮಳೆಗಾಲ ನೋಡಬೇಕು. ಬಾಗಿಲಿಗೆ ಅಡಿಕೆ ಹಾಳೆ ಕಟ್ಟಿ ನೋಡಿದೆ, ತಿಂಗಳಿಗೆ ಕೊಳೆಯಿತು. ಈಗ ರೆಕ್ಸಿನ್.

ಪ್ಲೈವುಡ್ 1800, ಹೀಟರ್ ಮತ್ತು ಥರ್ಮೋಸ್ಟಾಟ್ 2200, ಯುವಿಬಿ ದೀಪ (ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಕೊಡುವ ದೀಪ) 2500 ಇರಬೇಕು. ಮಳೆಗಾಲದಲ್ಲಿ ಕರೆಂಟು ಬಿಲ್ಲು ತಿಂಗಳಿಗೆ 500 ರೂಪಾಯಿ ಜಾಸ್ತಿ. ಯುವಿಬಿ ದೀಪ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ, ಬೆಳಕು ಇದ್ದರೂ ಒಳಗಿನ ಸತ್ವ ಹೋಗಿರುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಲೆಕ್ಕಕ್ಕಿಲ್ಲ.

ಕರೆಂಟು ಹೋದಾಗ ಒಮ್ಮೆ ಬಚ್ಚಲ ಒಲೆಯ ಹತ್ತಿರ ಇಟ್ಟಿದ್ದೆ. ಹೊಗೆಗೆ ಕಣ್ಣು ಊದಿತು. ಈಗ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಹಳೇ ಪಂಚೆ ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತೇನೆ. ಮೂರು ಬಾಟಲಿ, ನಾಲ್ಕೈದು ಗಂಟೆ ನಿಲ್ಲುತ್ತದೆ.

ಭಾನುವಾರ ತಪಾಸಣೆ. ತಕ್ಕಡಿ ಮೇಲೆ ಸ್ಟೀಲ್ ಡಬ್ಬಿ ಬೋರಲು ಹಾಕಿ, ಅದರ ಮೇಲೆ ಅವನನ್ನು ಕೂರಿಸುತ್ತೇನೆ. ಕಾಲು ನೆಲಕ್ಕೆ ತಾಗದಿದ್ದರೆ ಓಡುವುದಿಲ್ಲ. ಆಮೇಲೆ ಕಿವಿ ಹತ್ತಿರ ಹಿಡಿದು ಉಸಿರು ಕೇಳುತ್ತೇನೆ, ಟಿಕ್ ಟಿಕ್ ಅಂದರೆ ಅನುಮಾನ. ಹಿಂಗಾಲು ಮೆಲ್ಲಗೆ ಎಳೆದರೆ ಜೋರಾಗಿ ಒಳಗೆ ಎಳೆದುಕೊಳ್ಳಬೇಕು. ಹೊಟ್ಟೆಯ ಚಿಪ್ಪಿನ ಸಂದುಗಳನ್ನು ಉಗುರಲ್ಲಿ ಒತ್ತಿ, ಮೂಸಿ ನೋಡುತ್ತೇನೆ. ಮೆತ್ತಗಾಗಿ ವಾಸನೆ ಬಂದರೆ ಕೊಳೆತ ಶುರು. ಕೊನೆಗೆ ಉಗುರುಬೆಚ್ಚಗಿನ ನೀರಲ್ಲಿ 20 ನಿಮಿಷ. ಅಲ್ಲಿ ಬಿಡುವ ಬಿಳಿ ಉಚ್ಚೆಯನ್ನು ಬೆರಳಲ್ಲಿ ತಿಕ್ಕುತ್ತೇನೆ. ಟೂತ್‌ಪೇಸ್ಟಿನ ಹಾಗಿದ್ದರೆ ಸರಿ, ಮರಳಿನ ಹಾಗಿದ್ದರೆ ಮೈಯಲ್ಲಿ ನೀರಿಲ್ಲ. ಹಾಗೇ ಬಿಟ್ಟರೆ ಕಲ್ಲು ಕಟ್ಟುತ್ತದೆ.

ಮೇವಿಗೆ ಹುಲ್ಲೇ ಮುಖ್ಯ. ದಾಸವಾಳದ ಎಲೆ, ಹೂವು ಹಿತ್ತಲಲ್ಲೇ ಸಿಗುತ್ತದೆ. ಒಮ್ಮೆ ಅಂಕೋಲೆಯ ಕರಿ ಇಶಾಡು ಮಾವಿನ ಸಿಪ್ಪೆ ಹಾಕಿದೆ, ಖುಷಿಯಿಂದ ತಿಂದ, ಎರಡು ದಿನ ಭೇದಿ. ಹಣ್ಣು ಅಲ್ಲಿಗೆ ನಿಂತಿತು. ಸುಣ್ಣದ ಅಂಶಕ್ಕೆ (ಕ್ಯಾಲ್ಸಿಯಂ) ಪೇಟೆಯ ಪುಡಿ ಬೇಡ. ಕಡಲ ದಂಡೆಗೆ ಸಮುದ್ರನೊರೆ, ಅಂದರೆ ಕಟ್ಲ್‌ಫಿಶ್ ಎಂಬ ಕಡಲ ಜೀವಿಯ ಬಿಳಿ ಒಳಚಿಪ್ಪು, ಬಂದು ಬೀಳುತ್ತದಲ್ವಾ? ಉಪ್ಪು ಹೋಗುವ ತನಕ ನಾಲ್ಕು ದಿನ ನೀರು ಬದಲಿಸಿ ನೆನೆಸಿ, ಒಣಗಿಸಿ ಇಟ್ಟರೆ ತಾನೇ ಕಚ್ಚಿ ತಿನ್ನುತ್ತಾನೆ.

ಮೊದಲ ವರ್ಷದ ಗೋಪುರಗಳು ಹಾಗೇ ಉಳಿದಿವೆ, ಅವು ಇಳಿಯುವುದಿಲ್ಲ. ಅವುಗಳ ಸುತ್ತ ಆಮೇಲೆ ಬೆಳೆದ ಚಿಪ್ಪು ಮಾತ್ರ ನದಿಯ ಕಲ್ಲಿನಷ್ಟು ನುಣುಪು. ಪೆಟ್ಟಿಗೆ ಈಗ ಸಾಲುತ್ತಿಲ್ಲ. ಮೇ ಒಳಗೆ ಎಂಟು ಅಡಿಯ ಬೆಚ್ಚಗಿನ ಕೋಣೆ ಕಟ್ಟಬೇಕು. ಮೇಸ್ತ್ರಿ ಬಂದು ಅಳತೆ ತಗೊಂಡು ಹೋಗಿದ್ದಾರೆ. ಆಮೆಗಾ ಎಂದು ಎರಡು ಸಲ ಕೇಳಿದರು. ಹೌದು ಅಂದೆ.