ಸಯಾಟಿಕ್ ನರದಲ್ಲಿ ಡಿಎನ್‌ಎ ಮೀಥೈಲೀಕರಣವನ್ನು ಅಳೆಯುವ ಬಗೆ

ಇಲಿಯ ಸಯಾಟಿಕ್ ನರದಲ್ಲಿ (ಸೊಂಟದಿಂದ ಕಾಲಿಗಿಳಿಯುವ ದಪ್ಪ ನರ) ಮೀಥೈಲೀಕರಣವನ್ನು, ಅಂದರೆ ಡಿಎನ್‌ಎಗೆ ಮೀಥೈಲ್ ಗುಂಪು ಅಂಟಿರುವುದನ್ನು, ಅಳೆಯಹೊರಟವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು, ಅಳೆಯುವುದು ಯಾವ ಕೋಶದ ಡಿಎನ್‌ಎ ಎಂಬುದನ್ನು. ನರತಂತುವನ್ನು ಸುತ್ತುವ ಕೊಬ್ಬಿನ ಮೈಲಿನ್ ಕವಚವನ್ನು ಕಟ್ಟುವವು ಶ್ವಾನ್ ಕೋಶಗಳು. ನಮಗೆ ಬೇಕಾದದ್ದು ಅವುಗಳ ಡಿಎನ್‌ಎ. ನರಕೋಶದ ಡಿಎನ್‌ಎ ಇರುವ ನ್ಯೂಕ್ಲಿಯಸ್ ಬೆನ್ನುಹುರಿಯಲ್ಲೋ ಅದರ ಪಕ್ಕದ ಗ್ಯಾಂಗ್ಲಿಯಾನ್ ಎಂಬ ನರಕೋಶಗಳ ಗಂಟಿನಲ್ಲೋ ಇರುವುದರಿಂದ ಅದರ ತೊಡಕು ಇಲ್ಲಿಲ್ಲ. ಆದರೆ ಹೊರಪೊರೆಯ ಕೋಶಗಳು, ಜೋಡಕ ಅಂಗಾಂಶದ ಫೈಬ್ರೊಬ್ಲಾಸ್ಟ್ ಕೋಶಗಳು, ರಕ್ತನಾಳಗಳೆಲ್ಲ ಬೆರೆತಿರುತ್ತವೆ. ಮೈಲಿನ್ ಕಟ್ಟುವಾಗಿನ ಮೀಥೈಲೀಕರಣದ ಏರಿಳಿತಕ್ಕೂ ಮೀಥೈಲ್ ಗುಂಪನ್ನು ಒದಗಿಸುವ ಎಸ್-ಅಡಿನೋಸಿಲ್‌ಮೆಥಿಯೊನಿನ್‌ನ ಪ್ರಮಾಣಕ್ಕೂ ನಂಟಿದೆಯೆಂದು 2014ರ ಅಧ್ಯಯನವೊಂದು ತೋರಿಸಿದೆ. ಅಂಥ ಬದಲಾವಣೆಯನ್ನು ಹಿಡಿಯಬೇಕಾದರೆ ಬೆರಕೆ ಕಡಿಮೆಯಿರಲೇಬೇಕು.

ಪ್ರಾಣಿ ನೈತಿಕ ಸಮಿತಿಯ ಅನುಮತಿ ಪಡೆದ ಮೇಲೆ, ಮೈಲಿನ್ ಆಗತಾನೇ ಮೊದಲಾಗುವ ನವಜಾತ ಮರಿ, ಅದು ಭರದಿಂದ ಬೆಳೆಯುವ ಹತ್ತು ದಿನದ ಮರಿ ಮತ್ತು ವಯಸ್ಕ ಇಲಿ, ಈ ಮೂರು ಹಂತಗಳನ್ನು ಆರಿಸಿಕೊಳ್ಳಿ. ಸೂಕ್ಷ್ಮದರ್ಶಕದಡಿ ವಯಸ್ಕ ನರ ಹಾಲಿನಂತೆ ಬೆಳ್ಳಗೆ ಹೊಳೆಯುತ್ತದೆ, ನವಜಾತ ಮರಿಯದು ಗಂಜಿತಿಳಿಯಂತೆ ಅರೆಪಾರದರ್ಶಕವಾಗಿರುತ್ತದೆ. ಆ ಬಿಳುಪೇ ಮೈಲಿನ್. ತಣ್ಣನೆಯ ದ್ರಾವಣದಲ್ಲಿಟ್ಟು, ಎರಡು ಚಿಮಟಗಳಿಂದ ಹೊರಪೊರೆಯನ್ನು ಒಂದು ತುದಿಯಿಂದ ಬಿಡಿಸಿ ಉದ್ದಕ್ಕೆ ಎಳೆಯಿರಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರು ಬಾಳೆಪಟ್ಟೆಯಿಂದ ನಾರು ಸೀಳುವುದನ್ನು ಕಂಡವರಿಗೆ ಈ ಕೈಚಳಕ ಬೇಗ ಒಗ್ಗುತ್ತದೆ: ಅವಸರಪಟ್ಟರೆ ನಾರು ನಡುವೆ ತುಂಡಾಗುತ್ತದೆ, ನರದ ಪೊರೆಯೂ ಹಾಗೆಯೇ. ಮರಿಗಳ ನರ ತೀರ ಸಣ್ಣದಾದ್ದರಿಂದ ಹಲವು ಮರಿಗಳದನ್ನು ಒಟ್ಟುಗೂಡಿಸಬೇಕಾಗುತ್ತದೆ.

ವಯಸ್ಕ ನರದಲ್ಲಿ ಕೊಬ್ಬಿನಂಶ ಹೆಚ್ಚು. ಪ್ರೋಟೀನನ್ನು ಒಡೆಯುವ ಪ್ರೋಟಿನೇಸ್-ಕೆ ಕಿಣ್ವಕ್ಕೆ ಸಾಕಷ್ಟು ಸಮಯ ಕೊಟ್ಟು ಡಿಎನ್‌ಎಯನ್ನು ಬೇರ್ಪಡಿಸಿ.

ಮುಂದಿನದು ಡಿಎನ್‌ಎಯನ್ನು ಬೈಸಲ್ಫೈಟ್ ಎಂಬ ರಾಸಾಯನಿಕಕ್ಕೆ ಒಡ್ಡುವ ಹಂತ. ಡಿಎನ್‌ಎಯ ಅಕ್ಷರಗಳಲ್ಲಿ ಒಂದಾದ ಸೈಟೊಸಿನ್, ಮೀಥೈಲ್ ಇಲ್ಲದಿದ್ದರೆ ಯುರಾಸಿಲ್ ಆಗಿ, ಪಿಸಿಆರ್‌ನಿಂದ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸಿದ ನಂತರ ಥೈಮಿನ್ ಎಂದು ಓದಿಸಿಕೊಳ್ಳುತ್ತದೆ. ಮೀಥೈಲ್ ಇರುವುದು ಸೈಟೊಸಿನ್ ಆಗಿಯೇ ಉಳಿಯುತ್ತದೆ. ಪರಿವರ್ತನೆ ಅರ್ಧಕ್ಕೆ ನಿಂತರೆ ಇಲ್ಲದ ಮೀಥೈಲ್ ಇದ್ದಂತೆ ಕಾಣುತ್ತದೆ. ಒಂದು ಮಳೆಗಾಲದ ರಾತ್ರಿ ಎರಡು ಬಾರಿ ಕರೆಂಟು ಹೋಗಿ ನನ್ನ ಮಾದರಿಗಳೆಲ್ಲ ಹೀಗೇ ಕೆಟ್ಟವು, ಮತ್ತು ಅದು ಗೊತ್ತಾಗುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಅಂದಿನಿಂದ ಪ್ರತಿ ಮಾದರಿಗೂ ಮೀಥೈಲ್ ಇಲ್ಲದ, ಬ್ಯಾಕ್ಟೀರಿಯಾದ ವೈರಸ್ಸಾದ ಲ್ಯಾಂಬ್ಡಾ ಫೇಜ್‌ನ ಡಿಎನ್‌ಎಯನ್ನು ಚೂರು ಬೆರೆಸುತ್ತೇನೆ. ಅದರಲ್ಲಿ ಶೇಕಡಾ 99ಕ್ಕಿಂತ ಕಡಿಮೆ ಪರಿವರ್ತನೆ ಕಂಡರೆ ಆ ಮಾದರಿಯನ್ನು ಕೈಬಿಡುತ್ತೇನೆ.

ಮೀಥೈಲ್ ಹಲವು ವೇಳೆ ಜೀನನ್ನು ಅಡಗಿಸುತ್ತದೆ, ನಿಜ. ಆದರೆ ಮೀಥೈಲ್ ಇಳಿದ ಮಾತ್ರಕ್ಕೆ ಜೀನ್ ಚುರುಕಾಯಿತೆಂದು ಬರೆಯಬೇಡಿ. ಎಡಗಾಲಿನ ನರವನ್ನು ಡಿಎನ್‌ಎಗೆ ಬಳಸಿದರೆ, ಅದೇ ಇಲಿಯ ಬಲಗಾಲಿನದನ್ನು, ಚುರುಕಾದ ಜೀನಿನ ನಕಲಾದ ಆರ್‌ಎನ್‌ಎಗಾಗಿ ಮೀಸಲಿಟ್ಟು, ಮೈಲಿನ್‌ನ ಮುಖ್ಯ ಪ್ರೋಟೀನಾದ ಪಿ-ಝೀರೋದ ಜೀನ್ ಎಷ್ಟು ಅಭಿವ್ಯಕ್ತವಾಗಿದೆಯೆಂದು ಜೊತೆಗೇ ಅಳೆಯಿರಿ.