ಕುಶನಿನ ಫೋಮ್: ಒತ್ತಿ ನೋಡಬೇಡಿ, ತೂಗಿ ನೋಡಿ

ನಮ್ಮ ಚಾವಡಿಯಲ್ಲಿ ಹಲಸಿನ ಮರದ ಹಳೆಯ ಬೆಂಚೊಂದಿದೆ. ಅದಕ್ಕೆ ಮೊದಲ ಸಲ ಕುಶನ್ ಮಾಡಿಸಿದಾಗ ನಾನೊಂದು ತಪ್ಪು ಮಾಡಿದೆ. ಅಂಗಡಿಯಲ್ಲಿ ಮೂರು ನಾಲ್ಕು ಫೋಮ್ ಕೈಯಲ್ಲಿ ಒತ್ತಿ ನೋಡಿ, ಬೆಣ್ಣೆಯ ಹಾಗೆ ಮೆತ್ತಗಿದ್ದುದನ್ನು ತಂದೆ. ಮುಂದಿನ ಮಳೆಗಾಲ ಮುಗಿಯುವಾಗ ಅದು ಹಪ್ಪಳವಾಗಿತ್ತು. ಕೂತರೆ ನೇರ ಹಲಗೆಯೇ ತಾಗುತ್ತಿತ್ತು.

ಅಡಿಕೆ ಕೊಡುವಾಗ ನಾವು ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ, ಅಲ್ವಾ? ಫೋಮ್ ಕೊಳ್ಳುವಾಗ ಮಾತ್ರ ಕೈ ಹೇಳಿದ್ದನ್ನು ನಂಬುತ್ತೇವೆ.

ಮೊದಲು ಡೆನ್ಸಿಟಿ ಕೇಳಿ

ಅಂಗಡಿಯಲ್ಲಿ ಮಲಯಾಳದಲ್ಲಿ ಮಾತಾಡಿ, ತುಳುವಿನಲ್ಲಿ ಮಾತಾಡಿ, ಈ ಪದ ಮಾತ್ರ ಎಲ್ಲರಿಗೂ ಒಂದೇ. 32 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 32 ಕಿಲೋ ತೂಗುತ್ತದೆ ಎಂದರ್ಥ. ನಾವು ಸ್ಪಂಜು ಅನ್ನುವ ಪಾಲಿಯುರೆಥೇನ್ ಫೋಮ್, ಉದ್ದಿನ ಹಿಟ್ಟು ಹುಳಿ ಬಂದ ಹಾಗೆ, ಒಳಗೆ ಗ್ಯಾಸ್ ಹುಟ್ಟಿ ಉಬ್ಬಿದ ವಸ್ತು. ಅದರಲ್ಲಿ ಬಹುಪಾಲು ಗಾಳಿಯೇ. ಡೆನ್ಸಿಟಿ ಕಡಿಮೆಯಾದಷ್ಟೂ ಗಾಳಿ ಜಾಸ್ತಿ, ವಸ್ತು ಕಡಿಮೆ. ದಿನಾ ಕೂತು ಎದ್ದರೆ ಒಳಗಿನ ತೆಳು ಎಳೆಗಳು ಸೋತು, ಮುರಿದು ಹೋಗುತ್ತವೆ. ಫೋಮ್ ಕೂತುಹೋಯಿತು ಅನ್ನುವುದು ಇದಕ್ಕೇ.

ಇಲ್ಲಿ ಒಂದು ಗೊಂದಲ ಇದೆ. ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. 40 ಡೆನ್ಸಿಟಿಯ ಫೋಮ್ ಮೆತ್ತಗೂ ಇರಬಹುದು, ಗಟ್ಟಿಯೂ ಇರಬಹುದು. ಎಷ್ಟು ಕಾಲ ಬಾಳುತ್ತದೆ ಎಂಬುದರ ಅಂದಾಜು ಡೆನ್ಸಿಟಿಯಿಂದ ಸಿಗುತ್ತದೆ. ಕೂತಾಗ ಹೇಗಿರುತ್ತದೆ ಎಂಬುದು ಗಟ್ಟಿತನಕ್ಕೆ ಸೇರಿದ್ದು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

ದಿನಾ ಕೂರುವ ಸೀಟಿಗೆ 32ಕ್ಕಿಂತ ಕಡಿಮೆ ಬೇಡ. ಮೈ ತೂಕದವರಿದ್ದರೆ 40 ಹಾಕಿಸಿ. ಬೆನ್ನಿನ ಭಾಗಕ್ಕೆ ಅಷ್ಟು ಭಾರ ಬೀಳುವುದಿಲ್ಲ, 18ರಿಂದ 24 ಸಾಕು. ಅಲ್ಲಿ ಉಳಿಸಿದ ದುಡ್ಡನ್ನು ಸೀಟಿಗೆ ಹಾಕಿ.

ಆಮೇಲೆ ತೂಗಿ

ಅಂಗಡಿಯವರು 40 ಅಂದದ್ದು ನಿಜವೋ ಅಲ್ಲವೋ ನೋಡುವುದು ಸುಲಭ. ಉದ್ದ, ಅಗಲ, ದಪ್ಪವನ್ನು ಇಂಚಿನಲ್ಲಿ ಅಳೆದು ಗುಣಿಸಿ. ಬಂದದ್ದನ್ನು 61,000ದಿಂದ ಭಾಗಿಸಿ, ಡೆನ್ಸಿಟಿಯಿಂದ ಗುಣಿಸಿ. ಸಿಗುವುದು ಕಿಲೋ ಲೆಕ್ಕ. 20 ಇಂಚು ಚೌಕದ, 4 ಇಂಚು ದಪ್ಪದ ತುಂಡು 40 ಡೆನ್ಸಿಟಿಯದ್ದಾದರೆ ಸುಮಾರು 1 ಕಿಲೋ 50 ಗ್ರಾಂ ತೂಗಬೇಕು. 32ರದ್ದಾದರೆ 840 ಗ್ರಾಂ. ಅರ್ಧ ಕಿಲೋವೂ ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು 18ರ ಫೋಮ್. ಮನೆಯಲ್ಲಿ ನೇತುಹಾಕುವ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಜೊತೆಗೆ ಒಯ್ಯಿರಿ. ಸಂಕೋಚ ಬೇಡ.

ತಕ್ಕಡಿಗೂ ಮೋಸ ಮಾಡಬಹುದು. ಅಗ್ಗದ ಕೆಲವು ಫೋಮ್‌ಗಳಿಗೆ ಸುಣ್ಣಕಲ್ಲಿನ ಪುಡಿ ಬೆರೆಸುತ್ತಾರೆ. ತೂಕ ಬರುತ್ತದೆ, ಬಲ ಬರುವುದಿಲ್ಲ. ಕತ್ತರಿಸಿದ ಅಂಚನ್ನು ಕಪ್ಪು ಬಟ್ಟೆಯಿಂದ ಉಜ್ಜಿ ನೋಡಿ. ಬಿಳಿ ಪುಡಿ ಅಂಟಿದರೆ ಬಿಟ್ಟುಬಿಡಿ. ಕೊನೆಗೆ ತುಂಡನ್ನು ಗಟ್ಟಿ ಹಲಗೆಯ ಮೇಲಿಟ್ಟು ಐದು ನಿಮಿಷ ಕೂತುಕೊಳ್ಳಿ. ಮನೆಯಲ್ಲಿ ಎಲ್ಲರಿಗಿಂತ ದಪ್ಪ ಇರುವವರನ್ನೇ ಕೂರಿಸಿದರೆ ಇನ್ನೂ ಒಳ್ಳೆಯದು. ಮೂಳೆಗೆ ಹಲಗೆ ತಾಗಬಾರದು. ಎದ್ದ ಕೂಡಲೇ ಫೋಮ್ ಮೇಲೆ ಬರಬೇಕು.

ಎತ್ತರ ಮರೆಯಬೇಡಿ

ಕೂರುವ ಎತ್ತರ ನೆಲದಿಂದ 16ರಿಂದ 18 ಇಂಚು ಇದ್ದರೆ ಹೆಚ್ಚಿನವರಿಗೆ ಸರಿ. ಹಳೆಯ ಬೆಂಚುಗಳೇ 17 ಇಂಚು ಇರುತ್ತವೆ. ಅದರ ಮೇಲೆ 4 ಇಂಚಿನ ಫೋಮ್ ಹಾಕಿದರೆ ಅಜ್ಜಿಯ ಕಾಲು ನೆಲಕ್ಕೆ ತಾಗುವುದಿಲ್ಲ. ಅಂಥ ಕಡೆ 2 ಇಂಚಿನ ರೀಬಾಂಡೆಡ್ ಸಾಕು. ಅದು ಫೋಮ್ ಚೂರುಗಳನ್ನು ಅಂಟಿಸಿ ಒತ್ತಿ ಮಾಡಿದ್ದು, ತುಂಬ ಗಟ್ಟಿ. ಮಂಡಿನೋವು ಇದ್ದವರಿಗೂ ಗಟ್ಟಿ ಸೀಟೇ ಅನುಕೂಲ, ಎದ್ದೇಳುವುದು ಸುಲಭ. ಕೆಳಗೆ ಇಲಾಸ್ಟಿಕ್ ಪಟ್ಟಿ ಇರುವ ಸೋಫಾಕ್ಕೆ 4 ಇಂಚು ಸಾಕಾಗುತ್ತದೆ. ಬರಿ ಹಲಗೆಯಿದ್ದು, ಎತ್ತರಕ್ಕೂ ಜಾಗವಿದ್ದರೆ 5 ಇಂಚು ಹಾಕಿ.

ನನಗೆ ಇಷ್ಟವಾದ ಜೋಡಣೆ ಹೀಗೆ: ಕೆಳಗೆ 3 ಇಂಚಿನ 40 ಡೆನ್ಸಿಟಿ, ಮೇಲೆ 1 ಇಂಚಿನ ಸೂಪರ್‌ಸಾಫ್ಟ್. ಕೈಗೂ ಮೆತ್ತಗೆ, ಮೈಗೂ ಆಧಾರ.

ಲೇಟೆಕ್ಸ್ ಬಗ್ಗೆಯೂ ಕೇಳುತ್ತಾರೆ. ನಮ್ಮ ಗುಡ್ಡಗಳ ರಬ್ಬರ್ ಹಾಲಿನಂಥದ್ದರಿಂದಲೇ ಮಾಡುವ ಫೋಮ್ ಅದು. ಪುಟಿಯುವ ಗುಣ ಚೆನ್ನಾಗಿದೆ, ಬಾಳಿಕೆಯೂ ಇದೆ. ಬೆಲೆ ಜಾಸ್ತಿ. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಮಾಡುವ ಕಾಯರ್ ಒಳಗೆ ಗಾಳಿ ಆಡುತ್ತದೆ, ಸೆಕೆ ಕಡಿಮೆ. ಆದರೆ ಜನ ಸೋಫಾದ ಅಂಚಿಗೆ ಕೂತು ಮಾತಾಡುವವರು. ಅಂಚಿನಲ್ಲಿ ನಾರು ಬೇಗ ಉದುರುತ್ತದೆ.

ನಮ್ಮ ಮಳೆಗೆ

ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯ ಹೊಸ ಮನೆಗಳಲ್ಲಿ ಸಿಟೌಟ್, ಅಂದರೆ ಮುಂದಿನ ತೆರೆದ ಜಗಲಿ, ಇಲ್ಲದ್ದು ಅಪರೂಪ. ಜೂನ್ ಬಂತೆಂದರೆ ಎರಚಲು ಅಲ್ಲಿಗೇ. ಸಾಮಾನ್ಯ ಫೋಮ್ ನೀರು ಕುಡಿದರೆ ಒಣಗುವುದಕ್ಕೆ ದಿನಗಟ್ಟಲೆ ಬೇಕು, ಅಷ್ಟರಲ್ಲಿ ಬೂಸಲು ವಾಸನೆ. ಸಿಟೌಟಿನ ಕುಶನನ್ನು ಮಳೆಗಾಲದಲ್ಲಿ ಒಳಗೆ ತೆಗೆದಿಡುವುದೇ ಒಳ್ಳೆಯದು.

ಕೆಲವರು ಫೋಮಿಗೆ ಪ್ಲಾಸ್ಟಿಕ್ ಸುತ್ತುತ್ತಾರೆ. ಹೊರಗಿನ ನೀರು ತಡೆದರೂ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಕೂತಾಗ ಬುಸ್ ಅನ್ನುವ ಸದ್ದು ಬೇರೆ. ಬದಲಿಗೆ ತೆಳು ಹತ್ತಿ ಬಟ್ಟೆಯ ಒಳಕವರ್ ಹಾಕಿ. ಕೆಳಗಿನ ಹಲಗೆಗೆ ಬೈರಿಗೆಯಿಂದ ಏಳೆಂಟು ತೂತು ಕೊರೆಸಿದರೆ ಗಾಳಿ ಆಡುತ್ತದೆ. ಅಡಿಕೆ ಒಣಗಿಸುವ ಅಂಗಳದ ಬಿಸಿಲಿಗೆ ಫೋಮ್ ಹಾಕಬೇಡಿ. ಬಿಸಿಲಿಗೆ ಅದು ಹಳದಿಯಾಗಿ, ಮೇಲ್ಮೈ ಪುಡಿಯಾಗುತ್ತದೆ. ನೆರಳಿನ ಗಾಳಿ ಸಾಕು.

ಫೋಮನ್ನು ಕವರಿಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಮೂಲೆಗಳು ತುಂಬಿ ನಿಲ್ಲುತ್ತವೆ. ಹ್ಯಾಕ್ಸಾ ಬ್ಲೇಡಿನಿಂದ ಒತ್ತದೆ, ಮೆಲ್ಲ ಮೆಲ್ಲ ಎಳೆಯಿರಿ. ಟೈಲರಿಗೆ ಕೊಡುವಾಗ ಜಿಪ್ ಹಿಂದಿನ ಅಂಚಿಗೆ, ಮೂಲೆ ದಾಟಿ ಎರಡೂ ಬದಿಗೆ ಮೂರು ಮೂರು ಇಂಚು ಬರಲಿ ಎನ್ನಿ. ನಮ್ಮ ಬೆಂಚಿನ ಕುಶನಿಗೆ ಜಿಪ್ ಹಿಂದಿನ ಅಂಚಿನಷ್ಟೇ ಇತ್ತು. ಅದರೊಳಗೆ ಫೋಮ್ ತುರುಕುವುದಕ್ಕೆ ಮೂರು ಜನ ಬೇಕಾಯಿತು.